ಹೊರಗೆ ಬೆಳೆದ ಬೆಕ್ಕನ್ನು ಅಪಾರ್ಟ್‌ಮೆಂಟಿನ ಬಾಳಿಗೆ ಒಗ್ಗಿಸುವ ಬಗೆ

ಹೊರಗೆ ಬೆಳೆದ ಬೆಕ್ಕಿನ ಒಂದು ದಿನವನ್ನು ತಾಳ್ಮೆಯಿಂದ ಗಮನಿಸಿದವರಿಗೆ, ಬೆಕ್ಕು ಸೋಮಾರಿ ಪ್ರಾಣಿ ಎಂಬ ಮಾತನ್ನು ಒಪ್ಪುವುದು ಕಷ್ಟವಾಗುತ್ತದೆ. ನಸುಕಿನಲ್ಲೇ ಎದ್ದು ಅದು ತನ್ನ ಎಲ್ಲೆಯನ್ನು ಒಂದು ಸುತ್ತು ನೋಡಿಬರುತ್ತದೆ. ಗೋಡೆಯ ಮೂಲೆಗೂ ಗೇಟಿನ ಕಂಬಕ್ಕೂ ಕೆನ್ನೆಯುಜ್ಜಿ ತನ್ನ ವಾಸನೆ ಹಚ್ಚುತ್ತದೆ. ಮರದ ಬುಡವನ್ನು ಪರಚಿ ಉಗುರಿನ ಹಳೆಯ ಪೊರೆಯನ್ನು ಕಳಚಿಕೊಳ್ಳುತ್ತದೆ. ಪೊದೆಯೊಂದರ ಮುಂದೆ ಅಲುಗಾಡದೆ ಅರ್ಧ ಗಂಟೆ ಹೊಂಚಿ ಕುಳಿತು, ಸಿಕ್ಕರೆ ತಿಂದು, ಸಿಗದಿದ್ದರೆ ಇನ್ನೊಂದು ಪೊದೆಯ ಕಡೆಗೆ ಹೋಗುತ್ತದೆ. ಬಿಸಿಲು ಎಲ್ಲಿದೆ, ನಾಯಿ ಎಲ್ಲಿಗೆ ಬರುವುದಿಲ್ಲ ಎಂಬುದನ್ನು ನೋಡಿಕೊಂಡು ಮಲಗುವ ಜಾಗವನ್ನು ಅದೇ ತೀರ್ಮಾನಿಸುತ್ತದೆ. ಅಂಥ ಬೆಕ್ಕನ್ನು ಎರಡು ಕೋಣೆಯ ಅಪಾರ್ಟ್‌ಮೆಂಟಿಗೆ ತಂದು ಬಾಗಿಲು ಹಾಕಿದ ದಿನ ಈ ಕೆಲಸಗಳೆಲ್ಲ ಒಮ್ಮೆಗೇ ನಿಂತುಹೋಗುತ್ತವೆ. ಅವುಗಳನ್ನು ಮಾಡಬೇಕೆಂಬ ಒತ್ತಡ ಮಾತ್ರ ಅದರ ಮೈಯಲ್ಲಿ ಹಾಗೆಯೇ ಉಳಿದಿರುತ್ತದೆ. ಬಾಗಿಲ ಬಳಿಯ ಕೂಗು, ಸೋಫಾದ ಮೇಲಿನ ಗೀರು, ಹಾಸಿಗೆಯ ಮೇಲಿನ ಮೂತ್ರ, ನಡುರಾತ್ರಿಯ ಓಟ ಇವೆಲ್ಲ ಕೆಲಸ ಕಳೆದುಕೊಂಡ ಪ್ರಾಣಿಯ ವರ್ತನೆಗಳೆಂದು ನಾನು ತಿಳಿದಿದ್ದೇನೆ. ಆದ್ದರಿಂದ ಮುಂದೆ ಹೇಳುವ ಹೆಜ್ಜೆಗಳಲ್ಲಿ ಹೆಚ್ಚಿನವು ಹೊರಗಿನ ಒಂದೊಂದು ಕೆಲಸಕ್ಕೆ ಮನೆಯೊಳಗೆ ಜಾಗ ಹುಡುಕಿಕೊಡುವ ಹೆಜ್ಜೆಗಳೇ ಆಗಿವೆ.

ಮೊದಲು ಬೆಕ್ಕನ್ನು ಅರಿಯಿರಿ

ಹೊರಗಿರುವ ಎಲ್ಲ ಬೆಕ್ಕುಗಳೂ ಒಳಗಿನ ಬಾಳಿಗೆ ತಕ್ಕವಲ್ಲ. ಬೆಕ್ಕಿನ ಮರಿಯು ಮನುಷ್ಯರನ್ನು ತನ್ನವರೆಂದು ಕಲಿಯುವ ಕಾಲ ಬಹಳ ಚಿಕ್ಕದು. ಹುಟ್ಟಿದ ಎರಡನೆಯ ವಾರದಿಂದ ಸುಮಾರು ಏಳನೆಯ ವಾರದವರೆಗೆ ಅದು ಮುಖ್ಯವಾಗಿ ನಡೆಯುತ್ತದೆ. ಆ ವಾರಗಳಲ್ಲಿ ಮನುಷ್ಯರ ಕೈ ಸೋಕದೆ ಬೆಳೆದು ದೊಡ್ಡದಾದ ಕಾಡುಸ್ವಭಾವದ ಬೆಕ್ಕಿಗೆ ಮುಚ್ಚಿದ ಮನೆಯೆಂದರೆ ನಿರಂತರ ಭಯ. ಅಂಥ ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ, ಅದು ಇದ್ದ ಜಾಗಕ್ಕೇ ಮರಳಿ ಬಿಟ್ಟು ಅಲ್ಲಿಯೇ ಅನ್ನ ನೀರು ನೋಡಿಕೊಳ್ಳುವುದು ಹೆಚ್ಚಿನ ದಯೆ ಎಂಬುದು ನನ್ನ ನಿಲುವು. ಆದರೆ ಬಾಲ ಎತ್ತಿ ನಿಮ್ಮ ಕಡೆಗೆ ಬರುವ, ಕಾಲಿಗೆ ಮೈಯುಜ್ಜುವ, ನೀವು ಕೂತರೆ ಹತ್ತಿರ ಕೂರುವ, ಕಣ್ಣಿಗೆ ಕಣ್ಣಿಟ್ಟು ಕೂಗುವ ಬೆಕ್ಕು ಹಿಂದೊಮ್ಮೆ ಮನುಷ್ಯರ ನಡುವೆ ಇದ್ದುದೇ ಆಗಿರುತ್ತದೆ, ಅಥವಾ ನಿಮ್ಮೊಡನೆ ಇರಲು ಈಗಾಗಲೇ ಅರ್ಧ ಒಪ್ಪಿರುತ್ತದೆ. ಅದನ್ನು ಒಳಗೆ ತರಬಹುದು. ವಯಸ್ಸಾದ ಬೆಕ್ಕುಗಳಿಗೆ ಇದು ಅಸಾಧ್ಯ ಎಂಬ ಮಾತನ್ನು ನಂಬಬೇಡಿ. ಎಷ್ಟೋ ಮುದಿ ಬೆಕ್ಕುಗಳು ಮೆತ್ತನೆಯ ಜಾಗ ಮತ್ತು ಹೊತ್ತಿಗೆ ಸರಿಯಾದ ಊಟ ಸಿಕ್ಕೊಡನೆ ಹೊರಗಿನ ಜಗಳಗಳನ್ನು ಸಂತೋಷದಿಂದಲೇ ಬಿಟ್ಟುಬಿಡುತ್ತವೆ. ಎರಡರಿಂದ ಐದು ವರ್ಷದ, ಬೇಟೆಯಲ್ಲಿ ಪಳಗಿದ ಬೆಕ್ಕೇ ಹೆಚ್ಚು ದಿನ ತೆಗೆದುಕೊಳ್ಳುವುದನ್ನು ನಾನು ಕಂಡಿದ್ದೇನೆ. ಕೆಲವು ಬೆಕ್ಕುಗಳಿಗೆ ಎರಡು ವಾರ ಸಾಕು, ಕೆಲವಕ್ಕೆ ಹಲವು ತಿಂಗಳು ಬೇಕು.

ಈಗಾಗಲೇ ಮನೆಗೆ ಬಂದು ಹೋಗುವ ಬೆಕ್ಕಾದರೆ ಒಂದೇ ದಿನದಲ್ಲಿ ಬಾಗಿಲು ಮುಚ್ಚುವ ಅಗತ್ಯವಿಲ್ಲ. ಊಟವನ್ನು ಒಳಗೆ ಮಾತ್ರ ಕೊಡುವುದನ್ನು ರೂಢಿಸಿ, ಊಟದ ನಂತರ ಅದನ್ನು ಒಂದು ಗಂಟೆ, ಮುಂದಿನ ವಾರ ಮೂರು ಗಂಟೆ, ಆಮೇಲೆ ಇಡೀ ರಾತ್ರಿ ಒಳಗೆ ಇರಿಸಿಕೊಳ್ಳುತ್ತಾ ಹೋಗಬಹುದು. ಮಳೆಗಾಲದಲ್ಲೋ ಚಳಿಯಲ್ಲೋ ಇದನ್ನು ಆರಂಭಿಸಿದರೆ ಅರ್ಧ ಕೆಲಸವನ್ನು ಹವೆಯೇ ಮಾಡಿಕೊಡುತ್ತದೆ. ಹೊಸ ಮನೆಗೆ ಹೋಗುವಾಗ ಬೆಕ್ಕನ್ನೂ ಕರೆದೊಯ್ಯುವವರಿಗೆ ಈ ನಿಧಾನದ ದಾರಿ ಇರುವುದಿಲ್ಲ. ಅವರು ಮೊದಲ ದಿನದಿಂದಲೇ ಪೂರ್ತಿಯಾಗಿ ಒಳಗೆ ಇರಿಸಬೇಕು, ಏಕೆಂದರೆ ಹಳೆಯ ಮನೆಯನ್ನು ಹುಡುಕಿ ಹೊರಟು ಕಳೆದುಹೋಗುವ ಅಪಾಯ ಮೊದಲ ವಾರಗಳಲ್ಲೇ ಹೆಚ್ಚು.

ಪಶುವೈದ್ಯರ ಬಳಿ ಒಮ್ಮೆ

ಹೊರಗಿನ ಬೆಕ್ಕು ಚಿಗಟ, ಕಿವಿಯ ನುಸಿ, ಕರುಳಿನ ಜಂತು, ಹಳೆಯ ಕಚ್ಚಿದ ಗಾಯ ಇವುಗಳಲ್ಲಿ ಒಂದನ್ನಾದರೂ ಹೊತ್ತು ತರುವುದು ಸಾಮಾನ್ಯ. ಮನೆಗೆ ತರುವ ದಿನವೇ, ಸಾಧ್ಯವಾದರೆ ದಾರಿಯಲ್ಲೇ, ಪಶುವೈದ್ಯರಿಗೆ ತೋರಿಸಿ ಜಂತುನಾಶಕ ಕೊಡಿಸಿ. ರೇಬೀಸ್ ಮತ್ತು ಬೆಕ್ಕುಗಳ ಇತರ ಸಾಂಕ್ರಾಮಿಕ ರೋಗಗಳ ಲಸಿಕೆ ಹಾಕಿಸಿ. ಮನೆಯಲ್ಲಿ ಬೇರೆ ಬೆಕ್ಕಿದ್ದರೆ ಲ್ಯುಕೇಮಿಯಾ ವೈರಸ್ ಮತ್ತು ರೋಗನಿರೋಧ ಶಕ್ತಿ ಕುಗ್ಗಿಸುವ ವೈರಸ್‌ನ ರಕ್ತಪರೀಕ್ಷೆಯನ್ನು ತಪ್ಪಿಸಬೇಡಿ. ನಾಯಿಗಳಿಗಾಗಿ ಮಾಡಿದ ಚಿಗಟದ ಔಷಧಿಯನ್ನು ಬೆಕ್ಕಿಗೆ ಹಚ್ಚಲೇಬಾರದು. ಅವುಗಳಲ್ಲಿ ಹಲವದರಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ನಡುಕ ಮತ್ತು ಸೆಳೆತ ತಂದು ಪ್ರಾಣವನ್ನೇ ತೆಗೆಯಬಲ್ಲದು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರದಿದ್ದರೆ ಅದನ್ನು ಮುಂದೂಡಬೇಡಿ. ಬೆದೆಗೆ ಬಂದ ಬೆಕ್ಕನ್ನು ನಾಲ್ಕು ಗೋಡೆಯೊಳಗೆ ಸಮಾಧಾನವಾಗಿಡುವ ಉಪಾಯ ಯಾವುದೂ ಇಲ್ಲ. ಗಂಡಿನ ಮೂತ್ರ ಚಿಮ್ಮಿಸುವ ಅಭ್ಯಾಸವೂ ಅಲೆದಾಡುವ ತವಕವೂ ಈ ಶಸ್ತ್ರಚಿಕಿತ್ಸೆಯ ನಂತರ ಬಹುಮಟ್ಟಿಗೆ ಇಳಿಯುತ್ತವೆ. ಅದೇ ಹೊತ್ತಿಗೆ ಚರ್ಮದಡಿಯಲ್ಲಿ ಗುರುತಿನ ಮೈಕ್ರೋಚಿಪ್ ಹಾಕಿಸಿಬಿಟ್ಟರೆ, ಎಂದಾದರೂ ತಪ್ಪಿಸಿಕೊಂಡಾಗ ಮರಳಿ ಸಿಗುವ ಸಾಧ್ಯತೆ ಹೆಚ್ಚುತ್ತದೆ.

ಮನೆಯನ್ನು ಭದ್ರಪಡಿಸುವುದು

ಬೆಕ್ಕು ಎಷ್ಟು ಎತ್ತರದಿಂದ ಬಿದ್ದರೂ ನಾಲ್ಕು ಕಾಲಿನ ಮೇಲೆ ನಿಲ್ಲುತ್ತದೆ ಎಂಬ ನಂಬಿಕೆಯಿಂದ ಅಪಾರ್ಟ್‌ಮೆಂಟುಗಳಲ್ಲಿ ಎಷ್ಟೋ ಬೆಕ್ಕುಗಳು ಸತ್ತಿವೆ. ಗಾಳಿಯಲ್ಲಿ ತಿರುಗಿ ಕಾಲನ್ನು ಕೆಳಗೆ ತಂದುಕೊಳ್ಳುವ ಶಕ್ತಿ ಅದಕ್ಕಿರುವುದು ನಿಜ, ಆದರೆ ಕಾಲಿನ ಮೇಲೆ ಬಿದ್ದ ಮಾತ್ರಕ್ಕೆ ದವಡೆ, ಎದೆ, ಕಾಲಿನ ಮೂಳೆಗಳು ಉಳಿಯುವುದಿಲ್ಲ. ನ್ಯೂಯಾರ್ಕಿನ ಒಂದು ಪಶು ಆಸ್ಪತ್ರೆಗೆ ಹೀಗೆ ಬಿದ್ದು ಬಂದ 132 ಬೆಕ್ಕುಗಳ ವಿವರವನ್ನು 1987ರಲ್ಲಿ ಪಶುವೈದ್ಯರು ಪ್ರಕಟಿಸಿದರು. ಅವುಗಳಲ್ಲಿ ಶೇಕಡಾ 90ರಷ್ಟು ಬದುಕಿದವೆಂಬ ಸಂಗತಿಯನ್ನು ಜನ ಇಂದಿಗೂ ಧೈರ್ಯಕ್ಕಾಗಿ ಹೇಳಿಕೊಳ್ಳುತ್ತಾರೆ. ಬಿದ್ದಲ್ಲೇ ಸತ್ತ ಬೆಕ್ಕುಗಳನ್ನು ಯಾರೂ ಆಸ್ಪತ್ರೆಗೆ ಒಯ್ಯುವುದಿಲ್ಲ ಎಂಬುದನ್ನೂ ಆ ಲೆಕ್ಕದ ಜೊತೆಗೆ ನೆನೆಯಬೇಕು. ಮರ ಹತ್ತಿ ಅಭ್ಯಾಸವಿರುವ ಹೊರಗಿನ ಬೆಕ್ಕು ಬಾಲ್ಕನಿಯ ಕಟಕಟೆಯನ್ನು ಕೊಂಬೆಯೆಂದೇ ಎಣಿಸುತ್ತದೆ, ಹಕ್ಕಿ ಕಂಡರೆ ಅಳತೆ ಮರೆಯುತ್ತದೆ.

ಆದ್ದರಿಂದ ಬೆಕ್ಕು ಮನೆಯೊಳಗೆ ಕಾಲಿಡುವ ಮೊದಲೇ ಬಾಲ್ಕನಿಗೆ ನೆಲದಿಂದ ಛಾವಣಿಯವರೆಗೆ ಗಟ್ಟಿಯಾದ ಬಲೆ ಕಟ್ಟಿಸಿ. ಕಣ್ಣಿಯ ಅಗಲ 3ರಿಂದ 4 ಸೆಂಟಿಮೀಟರ್ ಮೀರದಿರಲಿ. ತಲೆ ತೂರಿದ ಕಡೆ ಬೆಕ್ಕಿನ ಮೈಯೂ ತೂರುತ್ತದೆ. ಸೊಳ್ಳೆಪರದೆಯ ತೆಳುವಾದ ಜಾಲರಿಯನ್ನು ನೆಚ್ಚಬೇಡಿ, ಅದು ಒಂದು ಪರಚಿಗೆ ಹರಿಯುತ್ತದೆ ಅಥವಾ ಬೆಕ್ಕಿನ ಭಾರಕ್ಕೆ ಚೌಕಟ್ಟಿನಿಂದ ಕಳಚಿಕೊಳ್ಳುತ್ತದೆ. ಮೇಲ್ಭಾಗದಲ್ಲಿ ಮಾತ್ರ ಓರೆಯಾಗಿ ತೆರೆಯುವ ಕಿಟಕಿಗಳು ಇನ್ನೂ ಕೆಟ್ಟವು. ಅವುಗಳ ಸಂದಿಯಲ್ಲಿ ಸಿಕ್ಕಿಕೊಂಡ ಬೆಕ್ಕು ಒದ್ದಾಡಿದಷ್ಟೂ ಕೆಳಗೆ ಜಾರಿ ನಜ್ಜಾಗುತ್ತದೆ. ಸ್ನಾನದ ಮನೆಯ ಗಾಳಿಕಿಂಡಿಯನ್ನೂ ಪೈಪುಗಳ ಓಣಿಯ ಕಡೆಗಿರುವ ಸಣ್ಣ ಕಿಟಕಿಯನ್ನೂ ಮರೆಯಬಾರದು.

ಹೊರಗೆ ನೂರು ಬಗೆಯ ಗಿಡಗಳ ನಡುವೆ ಆಯ್ದು ತಿನ್ನುತ್ತಿದ್ದ ಬೆಕ್ಕು ಒಳಗೆ ಬೇಸರಕ್ಕೆ ಇದ್ದ ಒಂದೇ ಗಿಡವನ್ನು ಕಡಿಯುತ್ತದೆ. ಲಿಲಿ ಹೂವಿನ ಗಿಡವನ್ನು ಮನೆಯಿಂದ ಸಂಪೂರ್ಣವಾಗಿ ಹೊರಗಿಡಿ. ಅದರ ಎಲೆ, ಹೂವು, ಮೈಗೆ ಹತ್ತಿ ನೆಕ್ಕಿಕೊಂಡ ಪರಾಗ, ಹೂದಾನಿಯ ನೀರು ಸಹ ಬೆಕ್ಕಿನ ಮೂತ್ರಪಿಂಡಗಳನ್ನು ಎರಡು ಮೂರು ದಿನಗಳಲ್ಲಿ ಹಾಳುಮಾಡಬಲ್ಲವು. ತಾಳೆಯಂತೆ ಕಾಣುವ ಸೈಕಸ್ ಗಿಡ ಯಕೃತ್ತಿಗೆ ವಿಷ. ಮನಿಪ್ಲಾಂಟ್ ಮತ್ತು ಡಿಫನ್‌ಬಾಕಿಯಾ ಪ್ರಾಣ ತೆಗೆಯುವುದು ಅಪರೂಪವಾದರೂ ಬಾಯಿ ಗಂಟಲುಗಳನ್ನು ಸುಡುತ್ತವೆ. ಅವುಗಳ ಬದಲಿಗೆ ಒಂದು ಕುಂಡದಲ್ಲಿ ಗೋಧಿಯನ್ನೋ ಓಟ್ಸನ್ನೋ ಬಿತ್ತಿ ಹುಲ್ಲು ಬೆಳೆಸಿಕೊಡಿ. ದಾರ, ರಬ್ಬರ್ ಬ್ಯಾಂಡ್, ಸೂಜಿ ಪೋಣಿಸಿದ ನೂಲು ಇವು ನುಂಗಿದರೆ ಕರುಳನ್ನು ಮಡಿಕೆ ಮಡಿಕೆಯಾಗಿ ಎಳೆದು ಕತ್ತರಿಸುತ್ತವೆ. ಬಟ್ಟೆ ಒಗೆಯುವ ಯಂತ್ರದ ಡ್ರಮ್ಮನ್ನು ಪ್ರತಿಸಲ ಕೈಯಾಡಿಸಿ ನೋಡಿಯೇ ಚಾಲು ಮಾಡಬೇಕು. ಮನುಷ್ಯರ ಜ್ವರದ ಮಾತ್ರೆಯಾದ ಪ್ಯಾರಾಸಿಟಮಾಲ್ ಒಂದೇ ಒಂದು ಸಾಕು, ಬೆಕ್ಕು ಸಾಯುತ್ತದೆ. ಅದನ್ನು ಅರಗಿಸುವ ಕಿಣ್ವದ ಕೊರತೆ ಬೆಕ್ಕಿನ ಯಕೃತ್ತಿನಲ್ಲಿದೆ.

ಒಂದೇ ಕೋಣೆಯಿಂದ ಆರಂಭ

ಮೊದಲ ದಿನ ಇಡೀ ಮನೆಯನ್ನು ತೋರಿಸುವುದು ಪ್ರೀತಿಯಂತೆ ಕಾಣುತ್ತದೆ, ಬೆಕ್ಕಿಗೆ ಅದು ಆತಂಕ. ಪ್ರತಿ ಮೂಲೆಯನ್ನೂ ಕಾವಲು ಕಾಯಬೇಕಾದ ಅಪರಿಚಿತ ಪ್ರದೇಶ ಅದರ ಪಾಲಿಗೆ ದೊಡ್ಡದಾದಷ್ಟೂ ಭಯ ಹೆಚ್ಚು. ಹೆಚ್ಚು ಓಡಾಟವಿಲ್ಲದ, ಕಿಟಕಿಯಿರುವ ಒಂದು ಕೋಣೆಯನ್ನು ಆರಿಸಿ, ಅದರ ಒಂದು ಬದಿಯಲ್ಲಿ ಮಲಮೂತ್ರದ ತೊಟ್ಟಿ, ಎದುರು ಬದಿಯಲ್ಲಿ ಊಟ, ಊಟದಿಂದ ದೂರದಲ್ಲಿ ನೀರು, ಎತ್ತರದಲ್ಲಿ ಒಂದು ಕೂರುವ ಜಾಗ, ಕೆಳಗೆ ಒಂದು ಅಡಗುವ ಜಾಗ ಇಷ್ಟನ್ನು ಸಿದ್ಧಪಡಿಸಿ. ಅಡಗಲು ಎರಡು ಬಾಯಿ ಕೊರೆದ ರಟ್ಟಿನ ಪೆಟ್ಟಿಗೆ ಸಾಕು. ನೆದರ್ಲೆಂಡ್ಸ್‌ನ ಒಂದು ಪ್ರಾಣಿ ಆಶ್ರಯತಾಣದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಸದಾಗಿ ಬಂದ ಬೆಕ್ಕುಗಳ ಪೈಕಿ ಅಡಗುವ ಪೆಟ್ಟಿಗೆ ಸಿಕ್ಕವು ಸಿಗದವುಗಳಿಗಿಂತ ಬೇಗ ಶಾಂತವಾದದ್ದು ಕಂಡುಬಂದಿತು. ಪೆಟ್ಟಿಗೆಯೊಳಗಿನ ಬೆಕ್ಕನ್ನು ಎಳೆದು ಹೊರತೆಗೆಯುವುದೆಂದರೆ ಅದಕ್ಕಿದ್ದ ಒಂದೇ ರಕ್ಷಣೆಯನ್ನೂ ಕಿತ್ತುಕೊಳ್ಳುವುದು. ದಯವಿಟ್ಟು ಹಾಗೆ ಮಾಡಬೇಡಿ.

ನೀವು ಮಾಡಬೇಕಾದದ್ದು ಆ ಕೋಣೆಯ ನೆಲದ ಮೇಲೆ ದಿನಕ್ಕೆ ನಾಲ್ಕಾರು ಬಾರಿ ಸುಮ್ಮನೆ ಹೋಗಿ ಕೂರುವುದು. ಏನನ್ನಾದರೂ ಓದುತ್ತಾ, ಮೆಲುದನಿಯಲ್ಲಿ ಮಾತಾಡುತ್ತಾ, ಬೆಕ್ಕಿನ ಕಡೆಗೆ ನೆಟ್ಟ ನೋಟ ಬೀರದೆ ಇರಿ. ಕಣ್ಣು ಕೂಡಿದಾಗ ರೆಪ್ಪೆಯನ್ನು ನಿಧಾನವಾಗಿ ಅರ್ಧ ಮುಚ್ಚಿ ತೆರೆಯಿರಿ. ಹೀಗೆ ಮಾಡುವ ಮನುಷ್ಯರಿಗೆ ಬೆಕ್ಕುಗಳೂ ಹಾಗೆಯೇ ಉತ್ತರಿಸುತ್ತವೆ ಮತ್ತು ಅವರ ಕೈಯ ಬಳಿ ಬರಲು ಹೆಚ್ಚು ಒಲವು ತೋರುತ್ತವೆ ಎಂಬುದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಬಂದಿದೆ. ಮೆತ್ತನೆಯ ಬಟ್ಟೆಯೊಂದನ್ನು ಅದರ ಕೆನ್ನೆಗೆ ಸವರಿ, ಆ ಬಟ್ಟೆಯನ್ನು ಮುಂದೆ ತೆರೆಯಲಿರುವ ಕೋಣೆಗಳ ಬಾಗಿಲ ಚೌಕಟ್ಟಿಗೆ, ಕುರ್ಚಿಯ ಕಾಲಿಗೆ ಬೆಕ್ಕಿನ ಎತ್ತರದಲ್ಲಿ ಉಜ್ಜಿದರೆ, ಅದು ಅಲ್ಲಿಗೆ ಬರುವ ಹೊತ್ತಿಗೆ ತನ್ನದೇ ವಾಸನೆ ಅದನ್ನು ಎದುರುಗೊಳ್ಳುತ್ತದೆ. ತಿನ್ನುವುದು, ತೊಟ್ಟಿ ಬಳಸುವುದು, ಮೈ ನೆಕ್ಕಿಕೊಳ್ಳುವುದು, ನಿಮ್ಮನ್ನು ಕಂಡು ಎದ್ದು ಬರುವುದು ಈ ನಾಲ್ಕೂ ಸರಾಗವಾದ ಮೇಲೆ ಎರಡನೆಯ ಕೋಣೆಯ ಬಾಗಿಲು ತೆರೆಯಿರಿ. ಮೊದಲ ಕೋಣೆಯ ಬಾಗಿಲು ಮಾತ್ರ ಹಿಂದಿರುಗಲು ಸದಾ ತೆರೆದಿರಲಿ.

ಮಣ್ಣಿನಿಂದ ತೊಟ್ಟಿಗೆ

ಅಪಾರ್ಟ್‌ಮೆಂಟಿಗೆ ತಂದ ಬೆಕ್ಕುಗಳನ್ನು ಜನ ಮತ್ತೆ ಬೀದಿಗೆ ಬಿಡುವುದಕ್ಕೆ ಹೆಚ್ಚಾಗಿ ಕಾರಣವಾಗುವುದು ಮಲಮೂತ್ರದ ತೊಂದರೆ. ಅದನ್ನು ತಡೆಯುವುದು ಕಷ್ಟವಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೊರಗಿನ ಬೆಕ್ಕಿಗೆ ಮಣ್ಣು ಕೆದಕಿ ಮುಚ್ಚುವುದು ಚೆನ್ನಾಗಿ ಗೊತ್ತು. ಅಂಗಡಿಯಲ್ಲಿ ಸಿಗುವ ಲಿಟರ್ ಕಾಳುಗಳು ಮಣ್ಣೆಂಬುದು ಗೊತ್ತಿಲ್ಲ, ಅಷ್ಟೆ. ಮೊದಲ ವಾರ ತೊಟ್ಟಿಯಲ್ಲಿ ಅದಕ್ಕೆ ಪರಿಚಿತವಾದ ಮೆದು ಮಣ್ಣು ಅಥವಾ ಮರಳನ್ನೇ ತುಂಬಿ, ತಳದಲ್ಲಿ ತೆಳುವಾಗಿ ಲಿಟರ್ ಹರಡಿ. ನಂತರ ಮೂರು ನಾಲ್ಕು ದಿನಕ್ಕೊಮ್ಮೆ ಮಣ್ಣಿನ ಪಾಲನ್ನು ಕಡಿಮೆ ಮಾಡುತ್ತಾ ಲಿಟರಿನ ಪಾಲನ್ನು ಹೆಚ್ಚಿಸಿ. ನುಣ್ಣಗಿನ, ಗಟ್ಟಿಯುಂಡೆಯಾಗುವ, ಸುಗಂಧ ಬೆರೆಸದ ಜೇಡಿಯ ಲಿಟರ್ ಹೆಚ್ಚಿನ ಬೆಕ್ಕುಗಳಿಗೆ ಒಪ್ಪಿಗೆಯಾಗುತ್ತದೆ. ಸುಗಂಧ ನಮ್ಮ ಮೂಗಿಗೆ ಹಿತ, ಅವುಗಳ ಮೂಗಿಗೆ ಅತಿ. ಜೇಡಿಯ ಲಿಟರ್ ಮನೆಗಳಿಗೆ ಬಂದದ್ದು ಕೂಡ ಇತ್ತೀಚೆಗೆ: 1947ರಲ್ಲಿ ಅಮೆರಿಕದ ಎಡ್ವರ್ಡ್ ಲೋ ಎಂಬಾತ ನೆರೆಯವರಿಗೆ ಬೂದಿಯ ಬದಲು ಹೀರುವ ಜೇಡಿಯ ಕಾಳುಗಳನ್ನು ಕೊಟ್ಟದ್ದರಿಂದ ಅದು ಆರಂಭವಾಯಿತು. ಅದಕ್ಕೆ ಮೊದಲು ಬೂದಿ, ಮರಳು, ಮಣ್ಣುಗಳಲ್ಲೇ ಮನೆಬೆಕ್ಕುಗಳ ಕಾಲ ಕಳೆಯುತ್ತಿತ್ತು.

ತೊಟ್ಟಿಯ ಉದ್ದ ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟು ಇರಬೇಕು. ಮಾರುವ ತೊಟ್ಟಿಗಳಲ್ಲಿ ಬಹಳಷ್ಟು ಇದಕ್ಕಿಂತ ಚಿಕ್ಕವು, ಆದ್ದರಿಂದ ಬಟ್ಟೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಯ ಒಂದು ಬದಿಯನ್ನು ತಗ್ಗಾಗಿ ಕತ್ತರಿಸಿಕೊಳ್ಳುವುದು ಉತ್ತಮ. ಲಿಟರ್ 5ರಿಂದ 8 ಸೆಂಟಿಮೀಟರ್ ಆಳವಿರಲಿ. ಒಂದು ಬೆಕ್ಕಿಗೆ ಎರಡು ತೊಟ್ಟಿ, ಎರಡು ಬೆಕ್ಕಿಗೆ ಮೂರು ಎಂಬ ಲೆಕ್ಕ ಸಣ್ಣ ಮನೆಯಲ್ಲಿ ಅತಿಯೆನಿಸಿದರೂ ಮೊದಲ ತಿಂಗಳುಗಳಲ್ಲಿ ಅದನ್ನು ಪಾಲಿಸಿ. ಮುಚ್ಚಳವಿರುವ ತೊಟ್ಟಿಯಲ್ಲಿ ವಾಸನೆ ಒಳಗೇ ನಿಲ್ಲುತ್ತದೆ. ಮೇಲಾಗಿ ಹೊರಗೆ ಬೆಳೆದ ಬೆಕ್ಕು ನಾಲ್ಕೂ ಕಡೆ ನೋಡಲಾಗದ ಜಾಗದಲ್ಲಿ ಕೂರಲು ಹೆದರುತ್ತದೆ. ಗದ್ದಲದ ಯಂತ್ರಗಳ ಪಕ್ಕ, ಊಟದ ಪಕ್ಕ, ತಪ್ಪಿಸಿಕೊಳ್ಳಲು ದಾರಿಯಿಲ್ಲದ ಇಕ್ಕಟ್ಟು ಇವು ಬೇಡ. ಗಡ್ಡೆಗಳನ್ನು ದಿನಕ್ಕೆರಡು ಬಾರಿ ತೆಗೆಯಿರಿ. ಇದರಿಂದ ಇನ್ನೊಂದು ಲಾಭವೂ ಇದೆ: ಬೇಟೆಯಾಡಿದ ಬೆಕ್ಕಿನ ಮಲದಲ್ಲಿ ಕೆಲವೊಮ್ಮೆ ಹೊರಬೀಳುವ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯು ರೋಗ ಹರಡುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನ ಬೇಕಾಗುತ್ತದೆ. ಗರ್ಭಿಣಿಯರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಲೇಸು.

ಬೆಕ್ಕು ಬೇರೆಡೆ ಮೂತ್ರ ಮಾಡಿದರೆ ಗದರಿಸಬೇಡಿ, ಮೂಗನ್ನು ಅದಕ್ಕೆ ಒತ್ತಬೇಡಿ. ಅದು ಕಲಿಯುವುದು ನಿಮ್ಮೆದುರು ಮೂತ್ರ ಮಾಡಬಾರದೆಂಬ ಪಾಠವನ್ನು ಮಾತ್ರ. ಕಲೆಯನ್ನು ಕಿಣ್ವಯುಕ್ತ ದ್ರಾವಣದಿಂದ ತೊಳೆಯಿರಿ. ಅಮೋನಿಯಾ ಇರುವ ದ್ರಾವಣ ಮೂತ್ರದ ವಾಸನೆಯನ್ನೇ ಹೋಲುವುದರಿಂದ ಬೆಕ್ಕನ್ನು ಮತ್ತೆ ಅಲ್ಲಿಗೇ ಕರೆಯುತ್ತದೆ.

ಊಟ ಮತ್ತು ನೀರು

ಹೊರಗೆ ಬೆಕ್ಕು ಇಲಿ, ಹಲ್ಲಿ, ಮಿಡತೆಗಳಂಥ ಸಣ್ಣ ತುತ್ತುಗಳನ್ನು ದಿನವಿಡೀ ಹಲವು ಬಾರಿ ತಿನ್ನುತ್ತದೆ. ಒಳಗೂ ದಿನದ ಪ್ರಮಾಣವನ್ನು ಅಳೆದು ನಾಲ್ಕೈದು ಪಾಲು ಮಾಡಿ ಕೊಡಿ. ಅದರಲ್ಲಿ ಒಂದು ಪಾಲನ್ನು ಬಟ್ಟಲಿಗೆ ಹಾಕದೆ ರಟ್ಟಿನ ಕೊಳವೆಯೊಳಗೆ, ಮೊಟ್ಟೆಯ ಟ್ರೇಯ ಗುಳಿಗಳಲ್ಲಿ, ಕಪಾಟಿನ ಮೇಲೆ ಅಡಗಿಸಿಟ್ಟು ಹುಡುಕಿ ತಿನ್ನುವಂತೆ ಮಾಡಿ. ಶಸ್ತ್ರಚಿಕಿತ್ಸೆಯಾದ ಬೆಕ್ಕಿಗೆ ಬೇಕಾಗುವ ಶಕ್ತಿ ಸುಮಾರು ಕಾಲು ಭಾಗ ಇಳಿಯುತ್ತದೆ, ಓಡಾಟವೂ ಕಡಿಮೆಯಾಗುತ್ತದೆ, ಹಸಿವು ಮಾತ್ರ ಏರುತ್ತದೆ. ಬಟ್ಟಲು ಸದಾ ತುಂಬಿರುವ ಮನೆಗಳಲ್ಲಿ ಒಂದೇ ವರ್ಷದಲ್ಲಿ ಬೆಕ್ಕು ಬೊಜ್ಜು ಬೆಳೆಸಿಕೊಳ್ಳುವುದು ಹೀಗೆ. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡಿ. ನೀರಿನ ಬಟ್ಟಲುಗಳು ಅಗಲವಾಗಿ, ಎರಡು ಮೂರು ಕಡೆ, ಊಟದಿಂದ ದೂರ ಇರಲಿ. ತೇವದ ಆಹಾರ ಕೊಟ್ಟಷ್ಟೂ ಮೂತ್ರಕೋಶಕ್ಕೆ ಒಳ್ಳೆಯದು. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲವಾದ್ದರಿಂದ ಹಾಲನ್ನು ಬಿಡಿ.

ಬೇಟೆಯನ್ನು ಒಳಗೆ ತರುವುದು

ನನ್ನ ಮಟ್ಟಿಗೆ ಈ ಇಡೀ ಪ್ರಯತ್ನದ ತಿರುಳು ಇಲ್ಲಿದೆ. ಉಳಿದದ್ದೆಲ್ಲವನ್ನೂ ಸರಿಯಾಗಿ ಮಾಡಿ ಇದನ್ನು ಬಿಟ್ಟವರ ಬೆಕ್ಕು ಕಿಟಕಿಯ ಬಳಿ ಕುಳಿತು ಕೊರಗುವುದನ್ನೂ, ಹಲವು ಕೊರತೆಗಳ ನಡುವೆ ಇದೊಂದನ್ನು ತಪ್ಪದೆ ಮಾಡಿದವರ ಬೆಕ್ಕು ನೆಮ್ಮದಿಯಾಗಿರುವುದನ್ನೂ ಕಂಡಿದ್ದೇನೆ. ಕೋಲಿನ ತುದಿಗೆ ದಾರ, ದಾರದ ತುದಿಗೆ ಗರಿ ಅಥವಾ ಬಟ್ಟೆಯ ಚೂರು ಕಟ್ಟಿದ ಆಟಿಕೆ ಒಂದಿದ್ದರೆ ಸಾಕು. ದಿನಕ್ಕೆ ಎರಡು ಅಥವಾ ಮೂರು ಬಾರಿ, ಒಂದೊಂದು ಸಲಕ್ಕೆ ಹತ್ತು ಹದಿನೈದು ನಿಮಿಷ, ಸಾಧ್ಯವಾದಷ್ಟೂ ಮುಂಜಾನೆ ಮತ್ತು ಮುಸ್ಸಂಜೆ. ಬೆಕ್ಕಿನ ಮೈ ಎಚ್ಚರಗೊಳ್ಳುವುದು ಆ ಹೊತ್ತುಗಳಲ್ಲೇ.

ಆಡಿಸುವುದರಲ್ಲೂ ಒಂದು ಕ್ರಮವಿದೆ. ಯಾವ ಇಲಿಯೂ ಬೆಕ್ಕಿನ ಮುಖದೆದುರಿಗೆ ಬಂದು ಕುಣಿಯುವುದಿಲ್ಲ. ಅದು ದೂರ ಸರಿಯುತ್ತದೆ, ಮರೆಗೆ ನುಸುಳುತ್ತದೆ, ಅಲುಗದೆ ನಿಲ್ಲುತ್ತದೆ, ಮತ್ತೆ ಸರಸರನೆ ಓಡುತ್ತದೆ. ಗರಿಯನ್ನೂ ಹಾಗೆಯೇ ಚಾಪೆಯ ಅಂಚಿನಡಿಗೆ, ಕುರ್ಚಿಯ ಹಿಂದಕ್ಕೆ ಎಳೆಯಿರಿ, ನಡುವೆ ನಿಲ್ಲಿಸಿ. ಬೆಕ್ಕು ಹೊಂಚುತ್ತಾ ಸುಮ್ಮನೆ ನೋಡುತ್ತಿದ್ದರೆ ಅದಕ್ಕೆ ಆಸಕ್ತಿಯಿಲ್ಲವೆಂದು ನಿಲ್ಲಿಸಬೇಡಿ, ಹೊಂಚುವುದೂ ಬೇಟೆಯ ಭಾಗವೇ. ಕಣ್ಣಿನ ಪಾಪೆ ಅರಳಿ, ಹಿಂಗಾಲು ತೂಗಾಡತೊಡಗಿದರೆ ನೆಗೆತ ಬರುತ್ತದೆಂದು ತಿಳಿಯಿರಿ. ನಡುನಡುವೆ ಹಿಡಿಯಲು ಬಿಡಿ, ಕಚ್ಚಲು ಬಿಡಿ, ಹಿಂಗಾಲಿನಿಂದ ಒದೆಯಲು ಬಿಡಿ. ಕೊನೆಯಲ್ಲಿ ಗರಿಯ ಚಲನೆಯನ್ನು ದಣಿದ ಪ್ರಾಣಿಯಂತೆ ನಿಧಾನಗೊಳಿಸಿ, ಒಂದು ಪೂರ್ಣ ಹಿಡಿತ ಕೊಟ್ಟು, ಆ ಕೂಡಲೇ ಊಟ ಇಡಿ. ಹೊಂಚು, ಹಿಡಿತ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ ಎಂಬ ಈ ಸರಣಿ ಹೊರಗೆ ಹೇಗೆ ಮುಗಿಯುತ್ತಿತ್ತೋ ಒಳಗೂ ಹಾಗೆಯೇ ಮುಗಿದಾಗ ಬೆಕ್ಕಿನ ಮೈಗೆ ತೃಪ್ತಿಯಾಗುತ್ತದೆ. ಲೇಸರ್ ಬೆಳಕನ್ನು ಅಟ್ಟಿಸುವುದರಲ್ಲಿ ಹಿಡಿತ ಎಂಬುದೇ ಇಲ್ಲ. ಆದ್ದರಿಂದ ನಾನು ಅದನ್ನು ಬಳಸುವುದಿಲ್ಲ. ನಿಮ್ಮ ಕೈಬೆರಳುಗಳನ್ನು ಎಂದೂ ಆಟಿಕೆಯಾಗಿಸಬೇಡಿ, ಮತ್ತು ಆಟ ಮುಗಿದ ಮೇಲೆ ದಾರದ ಆಟಿಕೆಯನ್ನು ಕಪಾಟಿನೊಳಗೆ ಬೀಗ ಹಾಕಿಡಿ.

ಆಟಿಕೆಗಳನ್ನು ವಾರಕ್ಕೊಮ್ಮೆ ಬದಲಿಸುತ್ತಿರಿ. ಕ್ಯಾಟ್‌ನಿಪ್ ಎಂಬ ಸೊಪ್ಪು ಮೂರರಲ್ಲಿ ಎರಡು ಪಾಲು ಬೆಕ್ಕುಗಳನ್ನು ಸುಮಾರು ಹತ್ತು ನಿಮಿಷ ಉಲ್ಲಾಸಗೊಳಿಸುತ್ತದೆ, ಉಳಿದವಕ್ಕೆ ಅದು ಬರಿಯ ಸೊಪ್ಪು. ಹುಟ್ಟಿನಿಂದ ಬರುವ ಗುಣವಿದು. ಹೊರಗಿನಿಂದ ಒಂದು ಒಣ ಎಲೆ, ಮರದ ತೊಗಟೆ, ನದಿಯ ಕಲ್ಲು ತಂದು ನೆಲದ ಮೇಲಿಟ್ಟರೆ ಬೆಕ್ಕು ಅದನ್ನು ಕಾಲು ಗಂಟೆ ಮೂಸುವುದನ್ನು ನೋಡಬಹುದು. ಖರ್ಚಿಲ್ಲದ ಈ ಪದ್ಧತಿ ನನಗೆ ಬಹಳ ಇಷ್ಟವಾದದ್ದು. ಕೀಟನಾಶಕ ಸಿಂಪಡಿಸಿದ ಜಾಗದಿಂದ ತರಬಾರದು ಎಂಬ ಎಚ್ಚರ ಮಾತ್ರ ಬೇಕು.

ಪರಚಲು, ಹತ್ತಲು

ಪರಚುವ ಕಂಬ ಬೆಕ್ಕು ಪೂರ್ತಿ ಮೈ ಚಾಚಿದಾಗಲೂ ಸಾಲುವಷ್ಟು, ಅಂದರೆ ಸುಮಾರು 90 ಸೆಂಟಿಮೀಟರ್ ಎತ್ತರವಿರಬೇಕು ಮತ್ತು ಎಳೆದರೆ ಅಲುಗಬಾರದು. ಒಮ್ಮೆ ಅಲುಗಿದ ಕಂಬವನ್ನು ಬೆಕ್ಕು ಮತ್ತೆ ಮುಟ್ಟುವುದಿಲ್ಲ. ಕತ್ತಾಳೆಯ ಹಗ್ಗ ಸುತ್ತಿದ ಕಂಬ ಅಥವಾ ತೊಗಟೆಯಿರುವ ಮರದ ದಿಮ್ಮಿ ಹೊರಗಿನ ಬೆಕ್ಕಿಗೆ ಕೂಡಲೇ ಅರ್ಥವಾಗುತ್ತದೆ. ಅದನ್ನು ಮೂಲೆಯಲ್ಲಿ ಅಡಗಿಸದೆ, ಬೆಕ್ಕು ಮಲಗಿ ಏಳುವ ಜಾಗದ ಪಕ್ಕ ಮತ್ತು ಅದು ಈಗಾಗಲೇ ಪರಚುತ್ತಿರುವ ಸೋಫಾದ ಎದುರು ಇಡಿ. ಉಗುರಿನ ತುದಿಯನ್ನು ಎರಡು ಮೂರು ವಾರಕ್ಕೊಮ್ಮೆ ಕತ್ತರಿಸಬಹುದು. ಉಗುರನ್ನೇ ಕೀಳಿಸುವುದು ಬೆರಳಿನ ಕೊನೆಯ ಮೂಳೆಯನ್ನು ಕತ್ತರಿಸಿ ತೆಗೆಯುವ ಕ್ರೌರ್ಯ, ಅದರ ಯೋಚನೆಯೂ ಬೇಡ. ನೆಲದ ವಿಸ್ತಾರ ಕಡಿಮೆಯಿರುವ ಮನೆಯಲ್ಲಿ ಗೋಡೆಗೆ ಮೆಟ್ಟಿಲಿನಂತೆ ಹಲಗೆಗಳನ್ನು ಹೊಡೆದು, ಕೊನೆಯ ಹಲಗೆಯನ್ನು ಕಿಟಕಿಯ ಎತ್ತರಕ್ಕೆ ತಂದರೆ ಬೆಕ್ಕಿಗೆ ಮನೆ ಎರಡರಷ್ಟಾಗುತ್ತದೆ.

ಬಾಗಿಲ ಬಳಿಯ ಕೂಗು

ಎರಡನೆಯ ಅಥವಾ ಮೂರನೆಯ ರಾತ್ರಿಯಿಂದ ಕೂಗು ಆರಂಭವಾಗುತ್ತದೆ. ನಾನು ಒಳಗೆ ತಂದ ಬೂದುಬಣ್ಣದ ಗಂಡುಬೆಕ್ಕೊಂದು ಐದು ರಾತ್ರಿ ಸತತವಾಗಿ ಮುಂಬಾಗಿಲ ಬಳಿ ಅತ್ತಿತು; ಆರನೆಯ ರಾತ್ರಿ ಮೂರು ಗಂಟೆಗೆ, ನೆರೆಯವರಿಗೆ ನಿದ್ದೆಗೆಡುತ್ತದೆಂಬ ಸಂಕೋಚಕ್ಕೆ, ನಾನು ಬಾಗಿಲು ತೆರೆದು ಮೆಟ್ಟಿಲವರೆಗೆ ಬಿಟ್ಟೆ. ಆ ಒಂದು ಸಲದ ಬೆಲೆಯಾಗಿ ಮುಂದೆ ಮೂರು ವಾರ ಅದು ಎರಡು ಪಟ್ಟು ಜೋರಾಗಿ ಕೂಗಿತು. ಕೂಗಿದರೆ ಎಂದೂ ತೆರೆಯದ ಬಾಗಿಲನ್ನು ಬೆಕ್ಕು ಕ್ರಮೇಣ ಕೈಬಿಡುತ್ತದೆ, ಎಂದೋ ಒಮ್ಮೆ ತೆರೆಯುವ ಬಾಗಿಲನ್ನು ಮಾತ್ರ ಬಿಡುವುದೇ ಇಲ್ಲ. ಕೂಗು ನಿಲ್ಲುವ ಮೊದಲು ಕೆಲವು ದಿನ ಹೆಚ್ಚಾಗುವುದೂ ಸಹಜ. ಅಲ್ಲಿಯೇ ಬಹಳ ಜನ ಸೋಲುತ್ತಾರೆ.

ಆದ್ದರಿಂದ ರಾತ್ರಿಯ ಸಿದ್ಧತೆಯನ್ನು ಸಂಜೆಯಿಂದಲೇ ಮಾಡಬೇಕು. ಹಗಲಿಡೀ ಮಲಗಲು ಬಿಡದೆ ಮಧ್ಯಾಹ್ನ ಒಮ್ಮೆ ಎಬ್ಬಿಸಿ ಆಡಿಸಿ. ನೀವು ಮಲಗುವ ಅರ್ಧ ಗಂಟೆ ಮೊದಲು ದೀರ್ಘವಾದ ಬೇಟೆಯಾಟ, ಅದರ ಬೆನ್ನಿಗೇ ದಿನದ ದೊಡ್ಡ ಊಟ. ಕೂಗು ಬಂದಾಗ ಎದ್ದು ಹೋಗಬೇಡಿ, ಗದರಿಸಬೇಡಿ, ಊಟ ಹಾಕಬೇಡಿ. ಗದರಿಕೆಯೂ ಅದಕ್ಕೆ ಒಂದು ಉತ್ತರವೇ. ಬೆಳಗ್ಗೆ ಎದ್ದ ತಕ್ಷಣ ಊಟ ಕೊಡುವ ಅಭ್ಯಾಸವಿದ್ದರೆ ಹದಿನೈದು ನಿಮಿಷ ತಡಮಾಡಿ, ಇಲ್ಲದಿದ್ದರೆ ನಿಮ್ಮನ್ನು ಎಬ್ಬಿಸುವುದೇ ಅದರ ಬೇಟೆಯಾಗುತ್ತದೆ. ನೆರೆಯವರಿಗೆ ಮೊದಲೇ ವಿಷಯ ತಿಳಿಸಿ ಕೆಲವು ವಾರಗಳ ಸಹನೆ ಕೇಳಿಕೊಂಡಿದ್ದರೆ ನನ್ನಂತೆ ನಡುರಾತ್ರಿ ಎದೆಗುಂದುವ ಪ್ರಸಂಗ ಬರುವುದಿಲ್ಲ. ನೀವು ಮನೆಗೆ ಬರುವಾಗ ಬೆಕ್ಕು ಕಾಲ ಸಂದಿಯಿಂದ ನುಗ್ಗುವುದನ್ನು ತಡೆಯಲು, ಬಾಗಿಲಿನಿಂದ ದೂರದ ಒಂದು ಹಲಗೆಯ ಮೇಲೆ ಪ್ರತಿಸಲ ತಿಂಡಿಯಿಟ್ಟು, ಬಾಗಿಲ ಸದ್ದು ಕೇಳಿದರೆ ಅತ್ತ ಓಡುವಂತೆ ರೂಢಿಸಿ.

ಕಿಟಕಿಯಾಚೆ ಬೇರೆ ಬೆಕ್ಕನ್ನು ಕಂಡು ಬಾಲ ಉಬ್ಬಿಸಿ ಗುರುಗುಟ್ಟುತ್ತಿರುವ ಬೆಕ್ಕನ್ನು ಸಮಾಧಾನಪಡಿಸಲು ಮುಟ್ಟಬೇಡಿ. ಹೊರಗಿನದರ ಮೇಲಿನ ಸಿಟ್ಟು ನಿಮ್ಮ ಕೈಯ ಮೇಲೆ ಬೀಳುತ್ತದೆ. ಪರದೆ ಎಳೆದು, ಕೋಣೆಯನ್ನು ಕತ್ತಲಾಗಿಸಿ, ಒಂದೆರಡು ಗಂಟೆ ಅದನ್ನು ಅದರಷ್ಟಕ್ಕೆ ಬಿಡಿ. ಮನೆಯಲ್ಲಿ ಮೊದಲೇ ಬೇರೊಂದು ಬೆಕ್ಕಿದ್ದರೆ ಎರಡನ್ನೂ ಬೇರೆ ಕೋಣೆಗಳಲ್ಲಿಟ್ಟು, ಹಾಸುಬಟ್ಟೆ ಬದಲಿಸಿ ವಾಸನೆ ಪರಿಚಯಿಸಿ, ಮುಚ್ಚಿದ ಬಾಗಿಲ ಎರಡೂ ಬದಿಯಲ್ಲಿ ಊಟ ಕೊಟ್ಟು, ಆಮೇಲೆ ಸಂದಿಯಿಂದ ನೋಟ, ಕೊನೆಗೆ ಕಾವಲಿನಲ್ಲಿ ಭೇಟಿ ಎಂಬ ಕ್ರಮವನ್ನು ಅನುಸರಿಸಿ.

ತಡಮಾಡದೆ ವೈದ್ಯರ ಬಳಿ ಹೋಗಬೇಕಾದ ಸಂದರ್ಭಗಳು

ಹೊಸ ಜಾಗದ ಮಂಕು ಯಾವುದು, ರೋಗ ಯಾವುದು ಎಂಬ ಭೇದ ತಿಳಿದಿರಬೇಕು. ಮೊದಲ ದಿನ ಬೆಕ್ಕು ಸ್ವಲ್ಪವೇ ತಿಂದರೆ ಗಾಬರಿ ಬೇಡ. ಆದರೆ 24 ಗಂಟೆ ಕಳೆದರೂ ಏನನ್ನೂ ಮುಟ್ಟದಿದ್ದರೆ ವೈದ್ಯರಿಗೆ ಹೇಳಿ, 48 ಗಂಟೆಯವರೆಗೆ ಕಾಯಬೇಡಿ. ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ದಪ್ಪನೆಯ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದು ಕೆಲಸ ನಿಲ್ಲಿಸುತ್ತದೆ. ಗಂಡುಬೆಕ್ಕು ಮತ್ತೆ ಮತ್ತೆ ತೊಟ್ಟಿಗೆ ಹೋಗಿ ತಿಣುಕಿ, ಹನಿಯೂ ಬಾರದೆ, ಜನನಾಂಗವನ್ನು ನೆಕ್ಕುತ್ತಾ ಅರಚಿದರೆ ಅದು ಮೂತ್ರನಾಳ ಕಟ್ಟಿಕೊಂಡಿರುವ ಲಕ್ಷಣ. ರಾತ್ರಿಯೇ ಆಗಿರಲಿ ಆ ಗಳಿಗೆಯಲ್ಲೇ ಹೊರಡಬೇಕು, ಒಂದೆರಡು ದಿನ ಬಿಟ್ಟರೆ ಬೆಕ್ಕು ಉಳಿಯುವುದಿಲ್ಲ. ಒತ್ತಡದಿಂದಲೇ ಮೂತ್ರಕೋಶ ಉರಿಯೂತಗೊಳ್ಳುವುದು ಒಳಾಂಗಣದ ಬೆಕ್ಕುಗಳಲ್ಲಿ ಸಾಮಾನ್ಯವಾದ್ದರಿಂದ ಮೊದಲ ತಿಂಗಳುಗಳಲ್ಲಿ ತೊಟ್ಟಿಯ ಗಡ್ಡೆಗಳ ಗಾತ್ರ ಮತ್ತು ಸಂಖ್ಯೆಯನ್ನು ಗಮನಿಸುವುದನ್ನು ಅಭ್ಯಾಸ ಮಾಡಿಕೊಳ್ಳಿ. ಹೊಟ್ಟೆಯ ಮೇಲಿನ ಕೂದಲನ್ನು ನೆಕ್ಕಿ ನೆಕ್ಕಿ ಬೋಳಾಗಿಸಿಕೊಳ್ಳುವುದು, ವಾರಗಟ್ಟಲೆ ಅಡಗಿಕೊಂಡೇ ಇರುವುದು, ಆಟವನ್ನು ಪೂರ್ತಿ ಬಿಟ್ಟುಬಿಡುವುದು ಇವನ್ನೂ ಸೋಮಾರಿತನವೆಂದು ತಳ್ಳಿಹಾಕಬೇಡಿ.

ಅಳತೆಯ ಹೊರಗು

ಕೋಣೆಗಳೆಲ್ಲ ತನ್ನವಾದ ಮೇಲೆ, ಸುಮಾರು ಎರಡು ಮೂರು ತಿಂಗಳಿಗೆ, ಬೆಕ್ಕಿಗೆ ಸ್ವಲ್ಪ ಗಾಳಿಯನ್ನೂ ಬಿಸಿಲನ್ನೂ ಕೊಡಬಹುದು. ಬಲೆ ಕಟ್ಟಿದ ಬಾಲ್ಕನಿಯಲ್ಲಿ ಒಂದು ಅಗಲವಾದ ಮಣ್ಣಿನ ತಟ್ಟೆ, ಹುಲ್ಲಿನ ಕುಂಡ, ಮರದ ದಿಮ್ಮಿ, ನೆರಳಿಗೊಂದು ಪೆಟ್ಟಿಗೆ ಇಟ್ಟರೆ ಹಲವು ಬೆಕ್ಕುಗಳಿಗೆ ಅಷ್ಟೇ ಸಾಕಾಗುತ್ತದೆ. ಧೈರ್ಯದ ಬೆಕ್ಕಿಗೆ ಹಾರ್ನೆಸ್, ಅಂದರೆ ಹಗ್ಗ ಕಟ್ಟಲು ಮೈಗೆ ತೊಡಿಸುವ ಪಟ್ಟಿ, ಕಲಿಸುವುದಾದರೆ ಮೊದಲ ವಾರ ಅದನ್ನು ಹಾಸಿಗೆಯ ಪಕ್ಕ ಇಟ್ಟು ವಾಸನೆ ಹಿಡಿಯಲು ಬಿಡಿ. ಎರಡನೆಯ ವಾರ ಊಟದ ಹೊತ್ತಿಗೆ ಐದು ನಿಮಿಷ ತೊಡಿಸಿ. ಅದು ಮೈ ನೆಲಕ್ಕೊತ್ತದೆ ಬಾಲ ಎತ್ತಿ ನಡೆಯುವವರೆಗೆ ಮನೆಯೊಳಗೇ ಹಗ್ಗ ಹಿಡಿದು ಹಿಂದೆ ನಡೆಯಿರಿ. ಕೊರಳಪಟ್ಟಿಗೆ ಹಗ್ಗ ಕಟ್ಟುವುದು ಸಲ್ಲದು. ಗಾಬರಿಯಾದ ಬೆಕ್ಕು ಅದರಿಂದ ಜಾರಿಕೊಳ್ಳುತ್ತದೆ ಅಥವಾ ಕೊರಳು ಬಿಗಿದುಕೊಳ್ಳುತ್ತದೆ.

ಹೊರಗೆ ಹೋಗುವ ಹೊತ್ತು ಪ್ರತಿದಿನ ಒಂದೇ ಆಗಿರಲಿ, ಬೆಕ್ಕು ಸುಮ್ಮನಿರುವಾಗಲೇ ಹೊರಡಿ, ಬಾಗಿಲ ಬಳಿ ಕೂಗುತ್ತಿರುವಾಗ ಎಂದೂ ಬೇಡ. ಮೆಟ್ಟಿಲು ಮತ್ತು ಲಿಫ್ಟನ್ನು ಕ್ಯಾರಿಯರ್ ಎಂಬ ಬೆಕ್ಕು ಒಯ್ಯುವ ಪೆಟ್ಟಿಗೆಯೊಳಗೆ ದಾಟಿಸಿ, ನಾಯಿಗಳಿಲ್ಲದ ಶಾಂತವಾದ ಹುಲ್ಲಿನ ಮೇಲೆ ಪೆಟ್ಟಿಗೆಯ ಬಾಗಿಲು ತೆರೆದಿಡಿ. ಹೊರಬರುವುದೋ ಬೇಡವೋ ಎಂಬುದನ್ನು ಬೆಕ್ಕೇ ತೀರ್ಮಾನಿಸಲಿ, ಹೆದರಿದರೆ ಓಡಿಬಂದು ಸೇರಲು ಆ ಪೆಟ್ಟಿಗೆ ಹತ್ತಿರದಲ್ಲೇ ಇರಲಿ. ಹತ್ತು ನಿಮಿಷ ಸಾಕು. ಹಿಂದಿರುಗಿ ಮನೆಯ ಬಾಗಿಲು ಹಾಕಿ, ಚಿಲಕ ಬಿದ್ದಿದೆಯೆಂದು ನೋಡಿಕೊಂಡ ಮೇಲೆಯೇ ಹಾರ್ನೆಸ್ಸಿನ ಕೊಂಡಿಯನ್ನು ಬಿಚ್ಚಿ, ಆ ಕೂಡಲೇ ಊಟ ಇಡಿ.